ಮುಖ ನೋಡಿ ಕೊಡುವ ಕಾಲ

ಶ್ರೀಪತಿರಾಯರು ಬ್ಯಾಂಕ್ ಮ್ಯಾನೇಜರಾಗಿದ್ದವರು. ಕೆಲಸಕ್ಕೆ ನಿವೃತ್ತಿ ಸಿಕ್ಕಿತ್ತು, ಬಾಯಿಗೆ ಸಿಕ್ಕಿರಲಿಲ್ಲ. ಹೊಳೆ ದಂಡೆಯ ಆಶ್ರಮ ಸೇರಿ ಶಿಷ್ಯರಾದ ಮೇಲೂ ಹಿಂದಿನ ಕಾಲವೇ ಚೆನ್ನ ಅನ್ನೋ ಅದೇ ರಾಗ. ಬಡವರಿಗೆ ಕೈಸಾಲ ಕೊಡಲೆಂದು ಆಶ್ರಮದಲ್ಲಿ ಒಂದು ಹಣದ ಪೆಟ್ಟಿಗೆಯಿತ್ತು. ಗುರುಗಳು ಅದನ್ನು ರಾಯರ ಕೈಗೇ ಒಪ್ಪಿಸಿದ್ದರು.

ಅವತ್ತು ಮಧ್ಯಾಹ್ನ ಬಳೆ ಮಾರುವ ಕಾಸಿಂಬಿ ಬಂದು ಸಾಲ ಕೇಳಿದಳು. ಮದುವೆ ಕಾಲ, ಬುಟ್ಟಿಯಲ್ಲಿ ಬಳೆಯಿಲ್ಲ. ಇಲ್ಲಿ ಸಿಗದಿದ್ದರೆ ಮೀಟರ್ ಬಡ್ಡಿಯವನ ಬಾಗಿಲೇ ಗತಿ.

“ನಿನ್ನ ಪರಿಚಯ ಇಲ್ಲಮ್ಮ. ಗೊತ್ತಿರೋರನ್ನ ಕರಕೊಂಡು ಬಾ,” ಅಂದರು ರಾಯರು.

ಅವಳು ಅಂಗಳದ ಬೇವಿನ ನೆರಳಲ್ಲಿ ಕೂತುಬಿಟ್ಟಳು. ಇನ್ನೆಲ್ಲಿಗೆ ಹೋಗುತ್ತಾಳೆ, ಪಾಪ!

ರಾಯರು ಒಳಗೆ ಬಂದು, ಈ ಮಾತೆಲ್ಲ ಕೇಳಿಸಿಕೊಂಡಿದ್ದ ಗುರುಗಳ ಎದುರು ಶುರು ಹಚ್ಚಿಕೊಂಡರು.

“ನಮ್ಮ ತಾತನ ಕಾಲವೇ ಕಾಲ, ಗುರುಗಳೇ. ಅವರೂ ಲೇವಾದೇವಿ ಮಾಡ್ತಿದ್ದರು. ಕಾಗದ ಇಲ್ಲ, ಸಹಿ ಇಲ್ಲ. ಮುಖ ನೋಡಿ ಕೊಡ್ತಿದ್ದರು. ಈಗ ನಂಬಿಕೆ ಅನ್ನೋದೇ ಹಾಳಾಗಿ ಹೋಯ್ತು.”

“ಯಾರ ಮುಖ?”

“ನಮ್ಮ ಕೇರಿಯವರದ್ದು. ಗೊತ್ತಿದ್ದ ಮನೆತನದವರದ್ದು.”

“ಬಳೆ ಮಾರೋಳು ಬಂದಿದ್ದರೆ?”

“ಅವರೆಲ್ಲ ಮೆಟ್ಟಿಲ ಕೆಳಗೇ ನಿಲ್ತಿದ್ದರು.”

“ಅಲ್ಲಿ ನಿಂತರೆ ನಿಮ್ಮ ತಾತನಿಗೆ ಮುಖ ಕಾಣ್ತಿತ್ತೇನೋ?”

ರಾಯರು ನಕ್ಕರು. ನಗಬಾರದಿತ್ತು.

ಗುರುಗಳಿಗೆ ಸಿಟ್ಟು ನೆತ್ತಿಗೇರಿತು. ರಾಯರ ರಟ್ಟೆ ಹಿಡಿದು ಎಳಕೊಂಡು ಹೋಗಿ ಮೆಟ್ಟಿಲ ಕೆಳಗೆ ನಿಲ್ಲಿಸಿದರು. ಒಳಗೆ ಬಂದು ದಢಾರನೆ ಬಾಗಿಲು ಹಾಕಿ ಚಿಲಕ ಜಡಿದರು.

ಉರಿಬಿಸಿಲು. ರಾಯರದು ಬರಿಗಾಲು.

“ಗುರುಗಳೇ, ಕಾಲು ಸುಡ್ತಿದೆ! ಬಾಗಿಲು ತೆಗೀರಿ!”

“ಯಾರದು?”

“ನಾನು, ನಿಮ್ಮ ಶ್ರೀಪತಿ!”

“ಮುಖ ಕಾಣಿಸ್ತಿಲ್ಲ. ಗೊತ್ತಿರೋರನ್ನ ಕರಕೊಂಡು ಬಾ.”

“ಇದೇನು ಅನ್ಯಾಯ! ಇಷ್ಟು ವರ್ಷದಿಂದ ಇಲ್ಲೇ ಬಿದ್ದಿದ್ದೀನಿ!”



ರಾಯರು ಸುತ್ತ ನೋಡಿದರು. ಅಂಗಳದಲ್ಲಿ ಇದ್ದವಳು ಕಾಸಿಂಬಿಯೊಬ್ಬಳೇ. ಅವಳನ್ನು ಕೇಳಲು ಅವರಿಗೆ ಬಾಯಿ ಬರಲಿಲ್ಲ. ನಾಚಿಕೆ ಒಂದು ಕಡೆ, ಕೋಪ ಒಂದು ಕಡೆ.

ಕಾಸಿಂಬಿಯೇ ಎದ್ದು ಬಂದಳು.

“ಸ್ವಾಮೀ, ಇವರು ನನಗೆ ಗೊತ್ತು. ವಯಸ್ಸಾದವರು, ಬಿಸಿಲು ತಡಕೊಳ್ಳಲ್ಲ. ಒಳಗೆ ಬಿಡ್ರಿ.”

ಬಾಗಿಲು ತೆರೆಯಿತು. ಗುರುಗಳ ಕಣ್ಣು ಇನ್ನೂ ಕೆಂಪಗಿತ್ತು.

“ಅವಳ ಮಾತು ನಂಬಿ ನಾನು ಬಾಗಿಲು ತೆಗೆದೆ. ನೀನು ಹೋಗಿ ಪೆಟ್ಟಿಗೆ ತೆಗಿ.”