ಖಾಲಿ ಬಿದ್ದ ಪಾಲು

"ಗುರುಗಳೇ, ಎಲ್ಲರಿಗೂ ಒಂದೇ ನಿಯಮ ಮಾಡಿ, ಯಾರ ಮುಖ ನೋಡಿಯೂ ಅದನ್ನು ಸಡಿಲಿಸದಿದ್ದರೆ ಅದೇ ನ್ಯಾಯವಲ್ಲವೇ?" ಎಂದು ಮಲ್ಲಿನಾಥ ಕೇಳಿದ. ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಸ್ಟರನ್ನು ಸಂಶೋಧಕರಿಗೆ ಹಂಚುವ ಹೊಣೆ ಆ ವಾರವಷ್ಟೇ ಅವನ ಹೆಗಲಿಗೆ ಬಿದ್ದಿತ್ತು. ಗುರುಗಳು ಈ ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಇಂಥದೇ ಕ್ಲಸ್ಟರ್ ಇತ್ತು. ನೂರಾರು ಯಂತ್ರಗಳು ಒಂದಾಗಿ ದುಡಿಯುತ್ತಿದ್ದವು. ಒಂಟಿ ಕಂಪ್ಯೂಟರಿಗೆ ವರ್ಷಗಟ್ಟಲೆ ಹಿಡಿಯುವ ಲೆಕ್ಕವನ್ನು ಹಗಲು ಕಳೆಯುವುದರೊಳಗೆ ಮುಗಿಸುತ್ತಿದ್ದವು. ಪ್ರತಿ ಸಂಶೋಧಕರಿಗೂ ಅದರಲ್ಲಿ ಸಮನಾದ ಪಾಲಿತ್ತು.

ನೀಲಾಂಬಿಕೆ ಎಂಬ ಸಂಶೋಧಕಿ ನದಿಯ ಪ್ರವಾಹವನ್ನು ಅಭ್ಯಾಸ ಮಾಡುತ್ತಿದ್ದಳು. ಮೇಲೆ ಎಷ್ಟು ಮಳೆ ಬಿದ್ದರೆ ಕೆಳಗೆ ಯಾವ ನೆಲ ಮುಳುಗುತ್ತದೆ ಎಂಬುದು ಅವಳ ಲೆಕ್ಕ. ಅದಕ್ಕೆ ಯಂತ್ರಗಳು ಬೇಕಾಗುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅವಳ ಪಾಲು ಖಾಲಿ ಬಿದ್ದಿರುತ್ತಿತ್ತು. ನಕ್ಷತ್ರಗಳ ಲೆಕ್ಕ ಮಾಡುತ್ತಿದ್ದ ಸಂಶೋಧಕನೊಬ್ಬ ಬಂದು ಕೇಳಿದಾಗ ಎರಡು ಮಾತಾಡದೆ ಬಿಟ್ಟುಕೊಟ್ಟಳು. ಬೇರೆಯವರೂ ಕೇಳಿದರು. ಅವರಿಗೂ ಕೊಟ್ಟಳು.

ಸಂಶೋಧಕರು ಹೆಚ್ಚಾದರು, ಯಂತ್ರಗಳು ಹೆಚ್ಚಾಗಲಿಲ್ಲ. ಆಗ ಕ್ಲಸ್ಟರಿನ ಮೇಲ್ವಿಚಾರಕ ಹೊಸ ನಿಯಮ ತಂದ. ಕಳೆದ ವರ್ಷ ಯಾರು ತಮ್ಮ ಹೆಸರಿನಲ್ಲಿ ಎಷ್ಟು ಬಳಸಿದ್ದಾರೋ ಈ ವರ್ಷ ಅವರಿಗೆ ಅಷ್ಟೇ ಪಾಲು. ಬಳಸದವರಿಗೆ ಎತ್ತಿಟ್ಟು ಮಾಡುವುದೇನು ಎಂಬುದು ಅವನ ವಾದ. ಸಭೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನೀಲಾಂಬಿಕೆಯೂ ತಲೆಯಾಡಿಸಿದಳು. ತಾನು ಬಿಟ್ಟುಕೊಟ್ಟದ್ದೆಲ್ಲ ಪಡೆದವರ ಹೆಸರಿಗೆ ಸೇರಿದೆ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಎಲ್ಲೆಲ್ಲಿಂದ ಜನರನ್ನು ಸಾಗಿಸಬೇಕು ಎಂದು ಜಿಲ್ಲಾಡಳಿತ ಅವಳನ್ನು ಕೇಳಿತು. ಅವಳು ಲೆಕ್ಕವನ್ನು ಕ್ಲಸ್ಟರಿಗೆ ಕೊಟ್ಟಳು. ಪಾಲು ಸಣ್ಣದಾದ್ದರಿಂದ ಅದು ಸರದಿಯ ಕೊನೆಯಲ್ಲಿ ನಿಂತಿತು.

ಮೇಲ್ವಿಚಾರಕನ ಬಳಿ ಹೋದಳು. ಅವನು ಮರ್ಯಾದೆಯಿಂದ ಕೂರಿಸಿ, ಚಹಾ ತರಿಸಿ, ಒಬ್ಬರಿಗಾಗಿ ನಿಯಮ ಮುರಿದರೆ ನಾಳೆ ಎಲ್ಲರೂ ಬಾಗಿಲಿಗೆ ಬರುತ್ತಾರೆ ಎಂದ. ಅಲ್ಲಿಂದ ಅವಳು ನಕ್ಷತ್ರದ ಸಂಶೋಧಕನ ಬಳಿ ಹೋದಳು.

"ನಿಮ್ಮ ಲೆಕ್ಕ ಒಂದು ದಿನ ನಿಲ್ಲಿಸಿ. ನದಿ ಏರುತ್ತಿದೆ."

"ಮೇಡಂ, ಈಗ ನಿಲ್ಲಿಸಿದರೆ ಮೊದಲಿನಿಂದ ಶುರು ಮಾಡಬೇಕು. ಮುಂದಿನ ವರ್ಷ ನನ್ನ ಪಾಲೂ ಕಡಿಮೆಯಾಗುತ್ತದೆ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?"

ಅವನು ಕೇಳಿ ಬಂದ ದಿನ ತಾನು ಏನು ಮಾಡಿದ್ದೆನೆಂಬುದು ಅವಳ ನಾಲಿಗೆಯ ತುದಿಗೆ ಬಂತು. ಹೇಳದೆ ಹಿಂದಿರುಗಿದಳು.

ಅಧಿಕಾರಿಗಳು ತಮಗೆ ಗೊತ್ತಿದ್ದ ತಗ್ಗಿನ ಊರುಗಳನ್ನಷ್ಟೇ ತೆರವು ಮಾಡಿಸಿದರು. ಕುರಿಗಾಹಿ ಕುಟುಂಬವೊಂದು ಬಿಡಾರ ಹೂಡಿದ್ದ ದಿಬ್ಬ ಎತ್ತರದಲ್ಲಿದೆ ಎಂದು ಬಿಟ್ಟರು. ನೀಲಾಂಬಿಕೆಯ ಸರದಿ ಬರುವ ಹೊತ್ತಿಗೆ ನೀರು ಇಳಿಯುತ್ತಿತ್ತು. ಪರದೆಯ ಮೇಲೆ ಮೂಡಿದ ನಕ್ಷೆಯಲ್ಲಿ ಆ ದಿಬ್ಬ ಮುಳುಗಿತ್ತು. ನಿಜದಲ್ಲೂ ಮುಳುಗಿತ್ತು. ಗಂಡ, ಹೆಂಡತಿ, ಮಡಿಲಲ್ಲಿದ್ದ ಕೂಸು, ಮಂದೆಯ ಕುರಿಗಳು ಯಾವುದೂ ಉಳಿದಿರಲಿಲ್ಲ.

ವಿಚಾರಣೆ ನಡೆಯಿತು. ಎಲ್ಲವೂ ನಿಯಮದಂತೆಯೇ ನಡೆದಿದೆ ಎಂದು ತೀರ್ಮಾನವಾಯಿತು. ಅದು ಸುಳ್ಳೂ ಆಗಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ನೀಲಾಂಬಿಕೆ ತನ್ನ ಪಾಲಿನ ಯಂತ್ರಗಳಿಗೆ ಅರ್ಥವಿಲ್ಲದ ಲೆಕ್ಕಗಳನ್ನು ಕೊಟ್ಟು ಓಡಿಸಿದಳು. ಮುಗಿದರೆ ಅದನ್ನೇ ಮತ್ತೆ ಕೊಟ್ಟಳು. ರಕ್ತದ ಕಾಯಿಲೆಯೊಂದರ ಮೇಲೆ ಕೆಲಸ ಮಾಡುತ್ತಿದ್ದ ಹೊಸ ಸಂಶೋಧಕಿಯೊಬ್ಬಳು ಸ್ವಲ್ಪ ದಿನಗಳ ಮಟ್ಟಿಗೆ ಪಾಲು ಬಿಟ್ಟುಕೊಡಿ ಎಂದು ಬಂದು ಬೇಡಿಕೊಂಡಳು. ಯಂತ್ರಗಳಿಗೆ ಬಿಡುವಿಲ್ಲ ಎಂದು ನೀಲಾಂಬಿಕೆ ಕಣ್ಣೆತ್ತದೆ ಹೇಳಿದಳು. ಈ ಸಲ ಒಂದು ಯಂತ್ರವೂ ಸುಮ್ಮನೆ ಕೂತಿಲ್ಲವೆಂದು ಮೇಲ್ವಿಚಾರಕ ಸಭೆಯಲ್ಲಿ ಎಲ್ಲರನ್ನೂ ಹೊಗಳಿದ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥ, "ಆದರೂ ಗುರುಗಳೇ, ಆ ನಿಯಮದಲ್ಲಿ ಮೋಸವೇನೂ ಇರಲಿಲ್ಲವಲ್ಲ?" ಎಂದ.

"ಮೋಸವಿದ್ದಿದ್ದರೆ ಯಾರಾದರೂ ತಿದ್ದುತ್ತಿದ್ದರು" ಎಂದರು ಗುರುಗಳು.