ಕೆಮ್ಮು ನಿಂತ ಮೂರನೆಯ ದಿನ

ಹೊಳೆದಂಡೆಯ ಮಠದಲ್ಲಿ ಮುಪ್ಪಯ್ಯನವರೆಂಬ ವೈದ್ಯಗುರು ಇದ್ದರು. ಅವರ ಶಿಷ್ಯ ಭರಮ. ಭರಮನಂಥ ಜಾಣ ಆ ಸೀಮೆಯಲ್ಲೇ ಇರಲಿಲ್ಲ. ನಂಬಿಕೆ ಬಾರದಿದ್ದರೆ ಅವನನ್ನೇ ಕೇಳಬಹುದಿತ್ತು.

ಬೇಸಿಗೆ. ಹೊಳೆ ಬತ್ತಿ ಮರಳಾಗಿತ್ತು. ದಿನಾ ಮುಂಜಾನೆ ಮರಳಿನಲ್ಲಿ ಒರತೆ ತೋಡಿ, ಮೊದಲು ಊರಿದ ಕದಡು ನೀರು ಚೆಲ್ಲಿ, ಆಮೇಲೆ ತಿಳಿನೀರು ತುಂಬಿಕೊಳ್ಳಬೇಕು. ಇದೆಂಥ ಹುಂಬ ಕೆಲಸ ಎಂದು ಭರಮ ದಿನಾ ಗೊಣಗುತ್ತಿದ್ದ.

ಆ ದಿನ ಗೊಣಗಲಿಲ್ಲ. ಪರಸ್ಥಳದಿಂದ ಮರಳಿ ಒರತೆಗೆ ಜೊತೆಗೆ ಬಂದಿದ್ದ ಗುರುಗಳಿಗೆ, ಅವರಿಲ್ಲದಾಗ ತಾನು ಗೆದ್ದ ರೋಗದ ಸುದ್ದಿ ಹೇಳಿದ. ಹಾಸಿಗೆಗೆ ಅರಳೆ ಹಿಂಜುವ ಪಿಂಜಾರ ಮೌಲಾಸಾಬ ವರ್ಷಗಳಿಂದ ಕೆಮ್ಮಿ ಕೆಮ್ಮಿ ಕಫ ಉಗುಳುತ್ತಿದ್ದ. ಬಿಸಿನೀರು ಕುಡಿ ಎಂದು ಗುರುಗಳು ಹೇಳುತ್ತಿದ್ದರೇ ಹೊರತು ಕೆಮ್ಮು ನಿಲ್ಲಿಸುವ ಮದ್ದು ಕೊಟ್ಟಿರಲಿಲ್ಲ. ಭರಮ ಒಣಗಿದ ಉಮ್ಮತ್ತಿ, ಅಂದರೆ ದತ್ತೂರಿ ಎಲೆಯ ಬೀಡಿ ಸುತ್ತಿ ಸೇದಿಸಿದ್ದ.

"ಕಫ ಅಂದ್ರ ಹೊಲಸು, ಅಪ್ಪಾರ. ಬುಡಸಮೇತ ಬತ್ತಿಸಿಬಿಟ್ಟೆ. ಮೂರು ದಿನ ಆತು, ಒಂದು ಕೆಮ್ಮಿಲ್ಲ."

ಗುರುಗಳ ಕೈಯಿಂದ ಚೆಂಬು ಜಾರಿ ಮರಳಿಗೆ ಬಿತ್ತು.

"ಒಂದೂ ಇಲ್ಲ?"

"ಒಂದೂ ಇಲ್ಲ."

ಎಪ್ಪತ್ತು ದಾಟಿದ ಮುಪ್ಪಯ್ಯನವರು ಬರಿಗಾಲಲ್ಲಿ ಓಡಿದರು. ಶಹಬ್ಬಾಸಿಗೆ ಕಾದು ಕೂತಿದ್ದ ಭರಮ ಅವರ ಹಿಂದೆ ಓಡಿದ.

ಪಿಂಜಾರನ ಮನೆಯಲ್ಲಿ ಹಿಂಜುವ ಬಿಲ್ಲಿನ ಸದ್ದಿರಲಿಲ್ಲ. ಮೌಲಾಸಾಬ ಗೋಡೆಗೆ ಒರಗಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಉಮ್ಮತ್ತಿಯ ನಂಜಿಗೆ ಕಣ್ಣಿನ ಪಾಪೆ ಅಗಲವಾಗಿತ್ತು. ಉಸಿರೆಳೆದಾಗಲೆಲ್ಲ ಎದೆ ಸಿಳ್ಳೆ ಹಾಕುತ್ತಿತ್ತು. ನಿನ್ನೆಯಿಂದ ಮಲಗಲೂ ಆಗುತ್ತಿಲ್ಲ ಎಂದು ಹೆಂಡತಿ ಕಾಸಿಂಬಿ ಗುರುಗಳಿಗೆ ಹೇಳಿದಳು. ಭರಮನ ಕಡೆ ನೋಡಲಿಲ್ಲ.

ಗುರುಗಳು ಬೀಡಿಗಳನ್ನು ಹೊರಗೆಸೆದರು. ನೀರು ಕಾಯಿಸಿ ಹಬೆ ಹಿಡಿಸಿದರು. ಗುಟುಕು ಗುಟುಕಾಗಿ ಬಿಸಿನೀರು ಕುಡಿಸಿದರು. ಆಮೇಲೆ ಅರಳೆ ಮೂಟೆಯ ಮೇಲೆ, ತಲೆ ಕೆಳಗೆ ಇಳಿಯುವಂತೆ ಬೋರಲು ಮಲಗಿಸಿ, ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟತೊಡಗಿದರು.

ಇನ್ನು ಯಾವ ಮದ್ದು ಕೊಡಲಿ ಎಂದು ಭರಮ ಕೇಳಿದ.

"ನಿನ್ನ ಮದ್ದು ಮುಗೀತು. ಕೈ ಹಚ್ಚು."

ತಟ್ಟಿದ. ಹೊತ್ತು ನೆತ್ತಿಗೇರಿತು. ಅಂಗೈ ಕೆಂಪಾಯಿತು. ಇದ್ದಕ್ಕಿದ್ದಂತೆ ಎದೆಯ ಸಿಳ್ಳೆ ನಿಂತಿತು; ಉಸಿರೂ ನಿಂತಿತು.

ಕಾಸಿಂಬಿ ಗಂಡನ ಪಾದ ಹಿಡಿದುಕೊಂಡಳು.

"ನಿಲ್ಲಿಸಬ್ಯಾಡ," ಎಂದರು ಗುರುಗಳು.

ಭರಮ ನಿಲ್ಲಿಸಲಿಲ್ಲ. ಮೌಲಾಸಾಬನ ಬೆನ್ನು ಬಿಲ್ಲಿನಂತೆ ಬಾಗಿತು. ಒಂದು ಕೆಮ್ಮು. ಜಾಲಿಯ ಅಂಟಿನಂಥ, ಬೆರಳುದ್ದದ ಗಟ್ಟಿ ಕಫ ನೆಲಕ್ಕೆ ಬಿತ್ತು. ಅದರ ಬೆನ್ನಿಗೇ ಉಸಿರು ಬಂತು.

ಗುರುಗಳು ಕಫವನ್ನು ಮುತ್ತುಗದ ಎಲೆಗೆ ತೆಗೆದುಕೊಂಡು ಶಿಷ್ಯನ ಕೈಗಿಟ್ಟರು.

"ಒಳಗ ಏನೈತಿ ನೋಡು."

ಭರಮ ಕಡ್ಡಿಯಿಂದ ಬಿಡಿಸಿದ.

"ಅರಳಿ, ಅಪ್ಪಾರ. ಹಿಂಜಿದ ಅರಳಿ ಎಳಿ."

"ಕಫದ ಅಂಟು ಹಿಡೀದಿದ್ರ ಇದು ಎಲ್ಲಿ ಹೋಗತಿತ್ತು?"

ಭರಮ ಮೌಲಾಸಾಬನ ಎದೆಯತ್ತ ನೋಡಿದ.

"ಉಸಿರಿನ ಕೊಳವಿ ಗ್ವಾಡಿ ತುಂಬ ಒರತಿ ಅದಾವ, ಕಣ್ಣಿಗೆ ಕಾಣದಷ್ಟು ಸಣ್ಣವು. ಧೂಳು ತಾಕಿದ್ರ ಸಾಕು, ಊರತಾವ. ಅಂಟೂ ಬರತೈತಿ, ನೀರೂ ಬರತೈತಿ. ಅಂಟು ಧೂಳ ಹಿಡಿತೈತಿ. ನೀರಿದ್ರ ಅಂಟು ಸಡಿಲಾಗಿ ಮ್ಯಾಲ ಸರಿತೈತಿ. ನೀ ನೀರು ಬತ್ತಿಸಿದಿ. ಅಂಟು ಒಳಗ ಗಟ್ಟಿಯಾಗಿ ಕುಂತು ದಾರಿ ಕಟ್ಟಿತು."

ಭರಮ ಮದ್ದಿನ ಚೀಲವನ್ನು ಗುರುಗಳ ಕಾಲ ಬಳಿ ಇಟ್ಟ. ತನ್ನೂರಿಗೆ ಹೋಗಿ ದನ ಕಾಯುತ್ತೇನೆ ಎಂದ. ಗುರುಗಳು ಚೀಲ ಮುಟ್ಟಲಿಲ್ಲ. ತಮ್ಮ ಕಾವಿ ಶಲ್ಯದ ಅಂಚು ಹರಿದು ಕಾಸಿಂಬಿಗೆ ಕೊಟ್ಟು, ಇನ್ನುಮುಂದೆ ಹಿಂಜುವಾಗ ಇದನ್ನು ಅವನ ಮೂಗು ಬಾಯಿಗೆ ಕಟ್ಟು ಎಂದರು.

ಸಂಜೆಯವರೆಗೂ ಗುರು ಶಿಷ್ಯರಿಬ್ಬರೂ ಜಗಲಿಯ ಮೇಲೇ ಕೂತರು; ಚೀಲ ನಡುವೆ ಇತ್ತು. ಒಳಗೆ ಸದ್ದಿರಲಿಲ್ಲ. ಭರಮ ಬಾಗಿಲ ಕಡೆಗೇ ಕಿವಿಗೊಟ್ಟಿದ್ದ.

ಒಳಗಿನಿಂದ ಕೆಮ್ಮು ಕೇಳಿಸಿತು. ಮತ್ತೊಂದು. ಒದ್ದೆ ಕೆಮ್ಮು.

ಭರಮ ಗಾಬರಿಯಿಂದ ಎದ್ದು ಚೀಲಕ್ಕೆ ಕೈ ಹಾಕಿದ.

"ಕುಂದರು," ಎಂದರು ಗುರುಗಳು. "ಎದಿ ತನ್ನ ಕಸ ತಾನ ಹೊರಗ ಹಾಕಾಕತ್ತೈತಿ."