ಬಾಗಿಲ ಸನ್ಯಾಸಿಯ ಜಾಗ

ಬನ್ನಿ, ಹತ್ತಿರ ಬನ್ನಿ. ಕೈಗೆಲಸ ಬದಿಗಿಟ್ಟು, ಕಾಲು ಮಡಚಿ ಕೂತು ಕೇಳಿ.

ಒಬ್ಬ ಶಿಷ್ಯ ತನ್ನ ಗುರುಗಳನ್ನು ಕೇಳಿದ: “ಗುರುಗಳೇ, ಬಂದವರಿಗೆ ಉಣಬಡಿಸುವುದರಲ್ಲೇ ನನಗೆ ಹೊತ್ತು ಮುಳುಗುತ್ತದೆ. ಜಪಕ್ಕೆ ಕೂತೆನೋ ಇಲ್ಲವೋ, ಯಾರೋ ಬಾಗಿಲಲ್ಲಿ ಕೂಗುತ್ತಾರೆ. ಜಪವಿಲ್ಲದ ನನಗೆ ಯಾವ ಗತಿ?”

ಗುರುಗಳು ಈ ಕತೆ ಹೇಳಿದರು.

ಬಹಳ ಹಿಂದೆ, ಬೈಜಾಂಟಿಯಂ ಎಂಬ ದೂರದ ರಾಜ್ಯದ ದೊರೆಗಳ ಕಾಲದಲ್ಲಿ, ಮರಳುಗಾಡಿನ ನಡುವೆ ಕ್ರೈಸ್ತ ಸನ್ಯಾಸಿಗಳ ಮಠವೊಂದಿತ್ತು. ಅಲ್ಲೊಂದು ಪದ್ಧತಿ. ಪ್ರಾರ್ಥನೆಯ ಮಂದಿರದೊಳಗೆ ಒಬ್ಬೊಬ್ಬನಿಗೂ ತನ್ನದೇ ಜಾಗ. ಬದುಕಿದ್ದಾಗ ಯಾವ ಹಾಸುಗಲ್ಲಿನ ಮೇಲೆ ಮಂಡಿಯೂರಿ ಪ್ರಾರ್ಥಿಸಿದನೋ, ಸತ್ತ ಮೇಲೆ ಅದೇ ಕಲ್ಲಿನಡಿ ಅವನನ್ನು ಮಣ್ಣು ಮಾಡುತ್ತಿದ್ದರು. ಸತ್ತವರನ್ನೆಲ್ಲ ಎಬ್ಬಿಸುವ ದಿನ ದೇವರು ಅಲ್ಲಿಗೇ ಬಂದು ಹೆಸರು ಹಿಡಿದು ಕರೆಯುತ್ತಾನೆಂದು ಅವರ ನಂಬಿಕೆ.

ಬಾಗಿಲು ಕಾಯುವ ಸನ್ಯಾಸಿಗೆ ಮಾತ್ರ ಒಳಗೆ ಜಾಗವಿರಲಿಲ್ಲ. ಪ್ರಾರ್ಥನೆಗೆ ಕರೆಯಲು ಮರದ ಹಲಗೆ ಬಡಿದಾಗಲೆಲ್ಲ ಅವನ ಜೀವ ಒಳಕ್ಕೆ ಎಳೆಯುತ್ತಿತ್ತು. ಅಷ್ಟರಲ್ಲಿ ಒಂಟೆಯವನೋ ಯಾತ್ರಿಕನೋ ಬಾಗಿಲಿಗೆ ಬಂದು ಕುಸಿಯುತ್ತಿದ್ದ. ಬಂದವನ ಮುಂದೆ ಮಂಡಿಯೂರಬೇಕು, ಕಾದ ಮರಳಲ್ಲಿ ಬೆಂದ ಕಾಲು ತೊಳೆಯಬೇಕು, ರೊಟ್ಟಿ ಕೊಡಬೇಕು. ಅಷ್ಟು ಹೊತ್ತಿಗೆ ಒಳಗಿನವರು ಪ್ರಾರ್ಥನೆ ಮುಗಿಸಿ ಹೊರಗೆ ಬರುತ್ತಿದ್ದರು.

“ಏನಣ್ಣಾ, ದೇವರು ಇವತ್ತೂ ನಿನ್ನ ದಾರಿ ಕಾದು ಕಾದು ಎದ್ದು ಹೋದನಲ್ಲ” ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗೊಳಗೇ ಕರಗುತ್ತಿದ್ದ.

ಮುಪ್ಪು ಬಂತು, ಹಾಸಿಗೆ ಹಿಡಿದ. ಮಠದ ಹಿರಿಯನ ಕೈ ಹಿಡಿದು ಬೇಡಿದ: “ತಂದೇ, ಯಾವ ಮೂಲೆಯಾದರೂ ಸರಿ, ನನ್ನನ್ನು ಒಳಗೆ ಮಲಗಿಸಿ.”

ಹಿರಿಯ ಕೆಟ್ಟವನಲ್ಲ. ಆದರೆ ಪದ್ಧತಿ ಮೀರಲಾರ. “ನೀನು ಪ್ರಾರ್ಥಿಸದ ಕಡೆ ನಿನ್ನನ್ನು ಹೇಗೆ ಮಲಗಿಸಲಿ ತಮ್ಮಾ? ನಿನ್ನ ಕಲ್ಲು ಯಾವುದು, ಹೇಳು” ಎಂದ.

ಹೇಳಲು ಅವನಿಗೆ ಕಲ್ಲಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದ. ಉಸಿರು ನಿಂತ ಮೇಲೆ ಬಾಗಿಲ ಬಳಿಯೇ ಹೂತರು.

ಹಿರಿಯನೂ ಕಾಲ ಬಂದಾಗ ತನ್ನ ಕಲ್ಲಿನಡಿ ಮಲಗಿದ. ನಕ್ಕವರೂ ತಂತಮ್ಮ ಕಲ್ಲಿನಡಿ ಸೇರಿದರು. ಮಠ ಬರಿದಾಯಿತು, ಮರಳು ಬಂದು ಮುಚ್ಚಿತು. ಎಷ್ಟೋ ತಲೆಮಾರು ಕಳೆದು, ಹಳೆಯ ಕಾಲವನ್ನು ಅಗೆದು ನೋಡುವವರು ಅಲ್ಲಿಗೆ ಬಂದರು. ಕಲ್ಲೆತ್ತಿ ಎಲ್ಲರ ಮೂಳೆಗಳನ್ನೂ ನೋಡಿದರು. ಬಾಗಿಲ ಬಳಿ ಸಿಕ್ಕವನ ಮಂಡಿ ಸವೆದಷ್ಟು ಬೇರೆ ಯಾರದೂ ಸವೆದಿರಲಿಲ್ಲ. “ಈ ಮಠದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಾರ್ಥಿಸಿದವನು ಇವನೇ ಇರಬೇಕು” ಎಂದುಕೊಂಡರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮರುಗಿದ: “ಪಾಪ, ಅಗೆದವರು ತಪ್ಪು ತಿಳಿದರು ಗುರುಗಳೇ. ಅವನು ಪ್ರಾರ್ಥಿಸಿಯೇ ಇರಲಿಲ್ಲವಲ್ಲ.”

“ಆ ಹಿರಿಯನೂ ಇದನ್ನೇ ಹೇಳಿದ್ದು, ಮಗು” ಎಂದರು ಗುರುಗಳು.